ಬೆಳಗಿದ ಡಾಲರು

"ಇಲ್ಲೇ ಇಟ್ಟಿದ್ನಲ್ಲಾ, ಎಲ್ಲಿ ಹೋತು ಇದು?"

ಅಡುಗೆಕಟ್ಟೆಯ ಮೇಲಿನ ಬಟ್ಟಲು ಖಾಲಿಯಾಗಿತ್ತು. ಶಿವಪ್ರಸಾದ ಅದನ್ನೆತ್ತಿ, ಬೋರಲು ಮಾಡಿ, ಮತ್ತೆ ಅಲ್ಲೇ ಇಟ್ಟ. ಚಾಂಗಿ ಬೀಚಿನಲ್ಲಿ ಸಿಕ್ಕ, ಬ್ರಿಟಿಷರ ಕಾಲದ ಬೆಳ್ಳಿಯ ಡಾಲರು ನಾಣ್ಯವನ್ನು, ಮರಳು ಬಿಡಲೆಂದು ನಿನ್ನೆ ಸಂಜೆ ಅದರೊಳಗೆ ಬರೀ ನೀರಿನಲ್ಲಿ ನೆನೆಯಲು ಬಿಟ್ಟಿದ್ದ.

ಆಫೀಸಿನಲ್ಲಿ ಪ್ರಾಜೆಕ್ಟಿನ ಮೇಲೆ ಪ್ರಾಜೆಕ್ಟು ಬಂದು ಬೀಳುತ್ತಿದ್ದ ಆ ವರ್ಷಗಳಲ್ಲಿ, ಬಿಡುವು ಸಿಕ್ಕಾಗಲೆಲ್ಲ ಮೆಟಲ್ ಡಿಟೆಕ್ಟರ್ ಹಿಡಿದು ಮರಳಿನ ಮೇಲೆ ಅಡ್ಡಾಡುವುದೇ ಅವನಿಗೆ ಧ್ಯಾನವಾಗಿತ್ತು. ಈವರೆಗೆ ಸಿಕ್ಕಿದ್ದು ಬಾಟಲಿ ಮುಚ್ಚಳ, ಕೊಡೆಯ ಕಡ್ಡಿ, ಯುದ್ಧಕಾಲದ್ದೆಂದು ಜೋಪಾನ ಮಾಡಿ ಕೊನೆಗೆ ಯಾರದೋ ಸೈಕಲ್ಲಿನದೆಂದು ತಿಳಿದ ಒಂದು ಬೆಲ್ಲು. "ಬೀಚು ಸ್ವಚ್ಛ ಮಾಡಿದ್ದಕ್ಕ ನಿಮಗ ಸರಕಾರದವ್ರು ಪಗಾರ ಕೊಡಬೇಕ್ರಿ" ಎಂದು ಹೆಂಡತಿ ರೋಹಿಣಿ ನಗುತ್ತಿದ್ದಳು. ನಿನ್ನೆ ಯಂತ್ರ ತಡವರಿಸದೆ ಉಲಿದಿತ್ತು. ಅಂಗೈಯಲ್ಲಿ ಏಳನೇ ಎಡ್ವರ್ಡ್ ದೊರೆಯ ತಲೆ, ಅದರ ಮೈತುಂಬ ನೂರು ವರ್ಷದ ಕಪ್ಪು. ಭಾನುವಾರದ ನಾಣ್ಯಪ್ರದರ್ಶನದಲ್ಲಿ ಅವನಿಗೂ ಒಂದು ಮೇಜು ಕೊಡಿಸಲು ಗೆಳೆಯ ಗೋಪಿನಾಥ್ ಫೋನಿನಲ್ಲೇ ಒಪ್ಪಿದ್ದ. "ಆ ಕಪ್ಪು ಮಾತ್ರ ಮುಟ್ಬೇಡಿ, ಅದೇ ಅದರ ಜೀವ" ಎಂದೂ ಹೇಳಿದ್ದ.

"ಏನ ಹುಡುಕ್ಲಿಕ್ಕತ್ತೀ ತಮ್ಮಾ?" ದೇವರ ಕಪಾಟಿನ ಮುಂದಿನಿಂದ ತಾಯಿ ಕೇಳಿದಳು. ದೀಪಾವಳಿಗೆಂದು ಶಿವಲಿಂಗವ್ವ ಗದಗಿನಿಂದ ಮಗನ ಟ್ಯಾಂಪಿನೀಸ್ ಮನೆಗೆ ಬಂದಿದ್ದಳು.

"ಯವ್ವಾ, ಬಟ್ಟಲದಾಗ ಒಂದು ರೊಕ್ಕ ಇತ್ತು. ಕರ್ರಗ."

"ಅದಾ? ಬಾ ಇಲ್ಲೆ, ತೋರಸ್ತೀನಿ."

ವೀಳ್ಯದೆಲೆಯ ಮೇಲೆ ಅಕ್ಕಿ, ಅಕ್ಕಿಯ ಮೇಲೆ ಡಾಲರು. ಹುಣಸೆಹಣ್ಣು, ಉಪ್ಪು, ಪಾತ್ರೆ ತಿಕ್ಕುವ ಸ್ಟೀಲಿನ ಜುಂಗು ಹಾಕಿ ಬೆಳಗಿದ್ದಳು. ದೊರೆಯ ಗಡ್ಡದ ಎಳೆಗಳು ಸವೆದು ನುಣ್ಣಗಾಗಿದ್ದವು. ಹಣೆಗೆ ವಿಭೂತಿ, ಕುಂಕುಮ. ಕಿವಿಯ ಮೇಲೊಂದು ಆರ್ಕಿಡ್ ಹೂ.

"ನಮ್ಮತ್ತಿ ಕೊಟ್ಟ ರಾಣಿ ರೂಪಾಯಿ ಊರಾಗ ಮರತು ಬಂದೆ. ಅಮಾಸಿ ಪೂಜಿಗಿ ಏನ ಇಡ್ಲಿ ಅಂತ ಜೀವ ಹೊಯ್ದಾಡತಿತ್ತು. ಮುಂಜಾನೆದ್ದು ನೋಡ್ತೀನಿ, ಲಕ್ಷ್ಮಿ ತಾನ ಬಟ್ಟಲದಾಗ ಬಂದು ಕುಂತಾಳ! ಎಷ್ಟ ಕಿಲಬ ಹಿಡದಿತ್ತಂತಿ! ನನ್ನ ರಟ್ಟಿ ಬಿದ್ದುಹೋದ್ವು."

ಶಿವಪ್ರಸಾದ ಬಗ್ಗಿ ನಾಣ್ಯವನ್ನೇ ನೋಡಿದ. "ಚಲೋ ಹೊಳೀತದ ಯವ್ವಾ" ಎಂದ.

ಅಷ್ಟರಲ್ಲಿ ಕರೆಗಂಟೆ. ಭೂತಗನ್ನಡಿ ಜೇಬಿಗಿಟ್ಟುಕೊಂಡು ಬಿಶಾನ್‌ನಿಂದ ಎಂಆರ್‌ಟಿ ರೈಲು ಹಿಡಿದು ಬಂದಿದ್ದ ಗೋಪಿನಾಥ್ ಚಪ್ಪಲಿ ಬಿಡುವ ಮೊದಲೇ "ಎಲ್ರೀ ನಿಮ್ಮ ಕಿಂಗು?" ಎಂದ. ಕಪಾಟು ನೋಡಿದವನೇ ತಲೆಯ ಮೇಲೆ ಕೈ ಹೊತ್ತ.

"ಅಯ್ಯೋ, ಯಾರ್ರೀ ತೊಳೆದಿದ್ದು? ಫುಲ್ ಹಾಳಾಯ್ತಲ್ರೀ! ಇದನ್ನ ಶೋನಲ್ಲಿಟ್ರೆ ನಗ್ತಾರೆ ಅಷ್ಟೇ."

ಶಿವಪ್ರಸಾದ ಕಣ್ಸನ್ನೆ ಮಾಡುವಷ್ಟರಲ್ಲಿ ಮಾತು ಮುಗಿದಿತ್ತು. ಶಿವಲಿಂಗವ್ವನ ಕೈಯ ಊದುಬತ್ತಿ ಅಲ್ಲೇ ನಿಂತಿತು.

"ನಾ ತಿಕ್ಕಿದ್ದಕ್ಕ ಹಾಳಾತಾ?"

"ಹಾಗೇನಿಲ್ಲ ಆಂಟಿ..." ಗೋಪಿನಾಥ್ ತೊದಲಿದ. "ರಿಪೇರಿ ಆಗತ್ತೆ. ಮತ್ತೆ ಕಪ್ಪು ಬರ್ಸಬಹುದು."

"ಹೆಂಗ?"

ಅವನು ಒಮ್ಮೆ ದೇವರ ದೀಪ, ಒಮ್ಮೆ ಗೆಳೆಯನ ಮುಖ ನೋಡಿದ. "ಬೇಯಿಸಿದ ಮೊಟ್ಟೆ ಜೊತೆ ಡಬ್ಬೀಲಿ ಮುಚ್ಚಿಡ್ಬೇಕು, ಆಂಟಿ. ಭಾನುವಾರದೊಳಗೆ ಕಪ್ಪಗಾಗತ್ತೆ. ಇಲ್ಲಿ ಬೇಡ, ನಮ್ಮನೇಲೇ ಮಾಡ್ತೀನಿ."

"ತತ್ತಿ ಜೋಡಿ?"

ತಿಂಡಿಯಂಗಡಿಗಳು ಸಾಲಾಗಿರುವ ಹಾಕರ್ ಸೆಂಟರಿನಲ್ಲಿ ಪಕ್ಕದಂಗಡಿಯವನು ಮೊಟ್ಟೆ ಒಡೆದನೆಂದು ಕುಡಿಯುತ್ತಿದ್ದ ಚಹಾ ಬಿಟ್ಟು ಎದ್ದುಬಂದವಳು ಅವಳು. ಈಗ ದೇವರ ಕಪಾಟಿನ ಕಡೆ ತಿರುಗಿದಳು. ತುಟಿಗಳು ಏನನ್ನೋ ಸದ್ದಿಲ್ಲದೆ ಹೇಳಿಕೊಳ್ಳುತ್ತಿದ್ದವು. ಆಮೇಲೆ ಹೂವನ್ನು ಪಕ್ಕಕ್ಕಿಟ್ಟು, ಡಾಲರನ್ನೆತ್ತಿ, ಸೆರಗಿನ ತುದಿಯಿಂದ ಕುಂಕುಮ ಒರೆಸಿ ಮಗನ ಮುಂದೆ ಹಿಡಿದಳು. ಉಪ್ಪು ಹುಳಿಗೆ ಬೆರಳ ತುದಿಗಳು ಇನ್ನೂ ಕೆಂಪಗಿದ್ದವು.

"ಕೊಡಪಾ ಅವರಿಗೆ. ಲಕ್ಷ್ಮಿ ಏನೂ ತಿಳ್ಕೊಳ್ಳಾಂಗಿಲ್ಲ, ನಾ ಕೇಳ್ಕೊಂಡೀನಿ. ಐತಾರ ನಿನ್ನ ಶೋ ತಪ್ಪಬಾರದು. ಕೊಡ ತಮ್ಮಾ, ನಾ ಹೇಳ್ತೀನಲಾ."

ಗೋಪಿನಾಥ್ ಅಂಗೈ ಚಾಚಿದ.

ಶಿವಪ್ರಸಾದ ತಾಯಿಯ ಕೈಯಿಂದ ಡಾಲರು ತೆಗೆದುಕೊಂಡು, ಅದು ಮೊದಲು ಕೂತಿದ್ದ ಜಾಗದಲ್ಲೇ, ಅಕ್ಕಿಯ ತಗ್ಗಿನಲ್ಲಿ ಒತ್ತಿ ಇಟ್ಟ.

"ಕೊಡಂಗಿಲ್ಲ" ಎಂದ.