ಅತ್ತೆಯ ಉಸಿರಿನ ಓಕರಿನಾ

ನಮ್ಮ ಅಂಗಡಿಗೆ ಹೊಸಬರು ಯಾರೇ ಬರಲಿ, ಮೊದಲು ಕೇಳುವುದು ಒಂದೇ ಪ್ರಶ್ನೆ: "ಇದೇನಮ್ಮ, ಗೆಣಸಾ?" ಹನ್ನೊಂದು ವರ್ಷದಿಂದ ಗಲ್ಲಾದ ಹಿಂದೆ ಕೂತು ಉತ್ತರ ಹೇಳುತ್ತಿದ್ದೇನೆ, ಒಂದು ದಿನವೂ ಬೇಸರವಾಗಿಲ್ಲ. ಗೆಣಸಲ್ಲ ಸ್ವಾಮಿ, ಓಕರಿನಾ. ಜೇಡಿಮಣ್ಣಿನಲ್ಲಿ ಮಾಡಿ ಸುಟ್ಟ, ಊದುವ ವಾದ್ಯ. ಕೊಳಲು ಉದ್ದದ ಕೊಳವೆ, ಇದು ಮುಚ್ಚಿದ ಹೊಟ್ಟೆ. ಊದಿದ ಉಸಿರು ಆ ಹೊಟ್ಟೆಯೊಳಗಿನ ಗಾಳಿಯನ್ನು ನಡುಗಿಸಿಕೊಂಡೇ ಸ್ವರವಾಗುತ್ತದೆ. ತೂತು ಎಲ್ಲಿದೆ ಅನ್ನುವುದಕ್ಕಿಂತ ಎಷ್ಟು ದೊಡ್ಡದು ಅನ್ನುವುದೇ ಇಲ್ಲಿ ಮುಖ್ಯ. ಇಷ್ಟು ಹೇಳುವಷ್ಟರಲ್ಲಿ ಬಂದವರು ಕುರ್ಚಿ ಎಳೆದುಕೊಂಡಿರುತ್ತಾರೆ; ನಾನು ಬಿಡುವುದಿಲ್ಲವೆಂದು ಗೊತ್ತಾಗಿಬಿಡುತ್ತದೆ.

ದಾರ ಕಟ್ಟಿ ತೂಗುಹಾಕಿರುವುದು ಪದಕದ ಓಕರಿನಾ. ಕೋಳಿಮೊಟ್ಟೆಯಷ್ಟು ಗಾತ್ರ, ನಾಲ್ಕೇ ತೂತು, ಆದರೆ ಬೆರಳುಗಳನ್ನು ಬೇರೆ ಬೇರೆ ಜೋಡಿಯಲ್ಲಿ ಎತ್ತಿದರೆ ಪೂರ್ತಿ ಸಪ್ತಕ ಬರುತ್ತದೆ. ಕೊರಳಿಗೆ ಹಾಕಿಕೊಂಡು ಬಸ್ಸಿಗೆ ಕಾಯುತ್ತಾ ನುಡಿಸಬಹುದು. ಅದರ ಪಕ್ಕದ್ದು ಸೀಟಿಯ ಹಾಗೆ ನೇರವಾಗಿ ಹಿಡಿಯುವಂಥದ್ದು. ಕೆಳಗಿನ ಹಲಗೆಯಲ್ಲಿ ಎರಡು ಹೊಟ್ಟೆಯದು, ಮೂರು ಹೊಟ್ಟೆಯದು. ಒಂದಕ್ಕೆ ಎಟುಕದ ಮೇಲಿನ ಸ್ವರ ಎರಡನೆಯದರಲ್ಲಿ, ಅದಕ್ಕೂ ಎಟುಕದ್ದು ಮೂರನೆಯದರಲ್ಲಿ. ಮಧ್ಯದ ಹಲಗೆಯಲ್ಲಿ ಗೆಣಸಿನ ಆಕಾರದವು: ಅಡ್ಡ ಹಿಡಿಯುವಂಥವು, ಪಕ್ಕಕ್ಕೆ ಊದುಬಾಯಿ ಚಾಚಿರುವಂಥವು, ಹತ್ತು ತೂತಿನವು, ಹನ್ನೆರಡು ತೂತಿನವು. ಮರದಲ್ಲೂ ಪ್ಲಾಸ್ಟಿಕ್ಕಿನಲ್ಲೂ ಮಾಡುತ್ತಾರಂತೆ. ಮಾಡಲಿ ಬಿಡಿ, ಯಾರು ಬೇಡ ಅಂದರು?

ಈ ಗೆಣಸುಗಳಲ್ಲೇ ಏಳರ ಸೆಟ್ಟು ಅಂತ ಒಂದಿದೆ. ಅತಿ ದೊಡ್ಡದು ಪಪ್ಪಾಯಿಯಷ್ಟು, ಅತಿ ಚಿಕ್ಕದು ಮುಷ್ಟಿಯೊಳಗೆ ಅಡಗುವಷ್ಟು. ನಮ್ಮ ಮನೆಯಲ್ಲಿ ಅವಕ್ಕೆ ಅಜ್ಜ, ಅಜ್ಜಿ, ದೊಡ್ಡಪ್ಪ, ಅಪ್ಪ, ಅಮ್ಮ, ಅಕ್ಕ, ಪಾಪು ಅನ್ನುತ್ತೇವೆ. ಏಳು ಜನ ಒಟ್ಟಿಗೆ ಊದಿದಾಗ ಏಳೂ ಒಂದೇ ಮನೆಯವು ಅನ್ನಿಸಬೇಕು. ಸುಟ್ಟಾಗ ಮಣ್ಣು ಕುಗ್ಗಿ ಸ್ವರ ಏರುತ್ತದೆ. ಎಷ್ಟು ಏರೀತು ಎಂದು ಹಸಿಯಲ್ಲೇ ಅಂದಾಜು ಮಾಡಿ ತೂತು ಕೊರೆಯಬೇಕು. ಆ ಅಂದಾಜು ಮೂವತ್ತಾರು ವರ್ಷ ತಪ್ಪದ ಕೈ ನಮ್ಮ ಅತ್ತೆಯದು. ಹೊಟ್ಟೆಕಿಚ್ಚು ಪಡುವವರು ಪಡಲಿ, ನಾನು ಎದೆ ತಟ್ಟಿಕೊಂಡೇ ಹೇಳುತ್ತೇನೆ.

ಅತ್ತೆಯದು ಕಡಿಮೆ ಮಾತು. ನನ್ನದು ಹೇಗೆ ಅಂತ ನಿಮಗೆ ಈಗಾಗಲೇ ಗೊತ್ತಾಗಿದೆ. "ಮಧ್ಯೆ ಉಸಿರಾದ್ರೂ ತಗೊಳ್ಳೇ" ಎಂದು ದಿನಕ್ಕೆ ನಾಲ್ಕು ಸಲ ಕಾಲೆಳೆಯುತ್ತಿದ್ದರು.

ಕಳೆದ ವರ್ಷ ಅವರಿಗೆ ನ್ಯುಮೋನಿಯಾ ಆಯಿತು. ತಿಂಗಳುಗಟ್ಟಲೆ ಮಲಗಿ ಎದ್ದವರು ಮತ್ತೆ ಮಣ್ಣು ಕೊರೆಯುವ ಚಾಕು ಹಿಡಿದ ವಾರವೇ ಬಸ್ ಡಿಪೋದವರು ಏಳರ ಸೆಟ್ಟು ಬೇಕೆಂದು ಬಂದರು. ಚಾಲಕರು, ಮೆಕ್ಯಾನಿಕ್‌ಗಳು ಸೇರಿ ಕಟ್ಟಿಕೊಂಡ ತಂಡ. ಮುಖ್ಯಸ್ಥನಾದ ಮೆಕ್ಯಾನಿಕ್‌ಗೆ ಕಪಾಟಿನಂಥ ಎದೆ. ಡಿಪೋದಲ್ಲಿ ಎಲ್ಲರೂ ಅವನನ್ನು ಹಾರ್ನ್ ಅಂತಲೇ ಕರೆಯುವುದು. ಮೂರು ತಿಂಗಳಲ್ಲಿ ಪುರಭವನದಲ್ಲಿ ಅವರ ಕಾರ್ಯಕ್ರಮ. "ನಿಮ್ಮ ಕೈಯಿಂದಾನೇ ಆಗ್ಬೇಕು ಅಮ್ಮ, ಬೇರೆಯವರ್ದು ಬೇಡ" ಎಂದಿದ್ದ. ಅತ್ತೆಯ ಮುಖ ಅರಳಿದ್ದನ್ನು ಅಷ್ಟು ದಿನಗಳ ನಂತರ ನೋಡಿದೆ.

ಸೆಟ್ಟು ಸಿದ್ಧವಾದ ದಿನ ಏಳು ಜನವೂ ಬಂದರು. ಅತ್ತೆ ಒಂದೊಂದನ್ನೂ ಊದಿ ತೋರಿಸಿದರು. ಶ್ರುತಿ ಅಳೆಯುವ ಟ್ಯೂನರಿನ ಮುಳ್ಳು ನಟ್ಟನಡುವೆ, ಅಲ್ಲಾಡಲಿಲ್ಲ. ಆಮೇಲೆ ಹಾರ್ನ್ 'ಅಪ್ಪ'ನನ್ನು ತೆಗೆದುಕೊಂಡು ಊದಿದ. ಮುಳ್ಳು ಬಲಕ್ಕೆ, ಏರಿದ ಸ್ವರದ ಕಡೆಗೆ ಹಾರಿತು. 'ಅಮ್ಮ'ನನ್ನು ಊದಿದ ಚಾಲಕನದೂ ಹಾಗೇ. ಏಳು ಜನ ಒಟ್ಟಿಗೆ ಊದಿದಾಗಲಂತೂ ಏಳು ಮನೆಯ ಜಗಳ ಒಂದೇ ಬೀದಿಗೆ ಬಂದಂತಾಯಿತು.

"ಮೆಲ್ಲಗೆ ಊದಿ ಸ್ವಾಮಿ, ಟಯರಿಗೆ ಗಾಳಿ ಹಾಕ್ತಾ ಇಲ್ಲ ನೀವು!" ಎಂದು ನಾನು ರೇಗಿದೆ.

ಮೆಲ್ಲಗೆ ಊದಿದ. ಶ್ರುತಿ ಸೇರಿತು, ಆದರೆ ಸದ್ದು ನೊಣದಷ್ಟು. ಪುರಭವನದ ಮೊದಲ ಸಾಲಿಗೂ ಕೇಳುತ್ತಿರಲಿಲ್ಲ.

"ಮಣ್ಣು ಜಾಸ್ತಿ ಕುಗ್ಗಿರ್ಬೇಕು ಅಮ್ಮ" ಎಂದ ಹಾರ್ನ್, ಪಾಪ, ತಲೆ ತಗ್ಗಿಸಿಕೊಂಡು. ಹಿಂದಿದ್ದ ಒಬ್ಬ ಮಾತ್ರ "ವಯಸ್ಸಾಯ್ತಲ್ವಾ, ಕಿವಿ..." ಎಂದು ಶುರುಮಾಡಿದ. ನಾನು ನೋಡಿದ ನೋಟಕ್ಕೆ ಅವನ ವಾಕ್ಯ ಅಲ್ಲೇ ಸತ್ತಿತು.

ಅತ್ತೆ ಎದ್ದು ಹೋಗಿ ಹಲಗೆಯ ಮೂಲೆಯಿಂದ ಹಳೆಯ 'ಅಪ್ಪ'ನೊಂದನ್ನು ತಂದರು. ಕಾಯಿಲೆಗೆ ಎರಡು ವರ್ಷ ಮುಂಚೆ ಮಾಡಿದ್ದು, ಶ್ರುತಿಗೆ ನಾವು ಪ್ರಮಾಣ ಮಾಡುತ್ತಿದ್ದುದು ಅದರ ಮೇಲೆ. ಹಾರ್ನ್‌ಗೆ ಕೊಟ್ಟು ಊದಿಸಿದರು. ಮುಳ್ಳು ನಡುವೆ ನಿಂತಿತು. ಆಮೇಲೆ ಅದನ್ನೇ ಇಸಿದುಕೊಂಡು ತಾವು ಊದಿದರು. ಮುಳ್ಳು ಎಡಕ್ಕೆ ಬಿತ್ತು. ಮತ್ತೊಮ್ಮೆ ಊದಿದರು, ಮತ್ತೂ ಎಡಕ್ಕೇ.

"ಕಿವಿ ಸರಿಯಾಗೇ ಇದೆ" ಎಂದರು. "ಮಣ್ಣೂ ಸರಿಯಾಗಿದೆ. ಉಸಿರು ಹೋಗಿದೆ."

ಓಕರಿನಾಕ್ಕೆ ಉಸಿರು ಜೋರಾದರೆ ಸ್ವರ ಏರುತ್ತದೆ, ಕುಂದಿದರೆ ಇಳಿಯುತ್ತದೆ ಎಂದು ನಾನೇ ದಿನಕ್ಕೆ ಹತ್ತು ಜನಕ್ಕೆ ಪಾಠ ಹೇಳುವವಳು. ನಮ್ಮ ಅಂಗಡಿಯ ಪ್ರತಿಯೊಂದೂ ಅತ್ತೆಯ ಉಸಿರಿನ ಬಲಕ್ಕೇ ಕೊರೆದದ್ದು. ಕಾಯಿಲೆ ಆ ಬಲವನ್ನು ಅರ್ಧ ಮಾಡಿದೆ, ಅವರು ಆ ಅರ್ಧಕ್ಕೇ ಏಳನ್ನೂ ಕೊರೆದುಬಿಟ್ಟಿದ್ದಾರೆ. ಕಡಿಮೆಯಾದ ಸ್ವರವನ್ನು ತೂತನ್ನು ಅರದಿಂದ ಉಜ್ಜಿ ಹಿಗ್ಗಿಸಿ ಏರಿಸಬಹುದು. ಸುಟ್ಟ ಮೇಲೆ ಇಳಿಸುವ ಉಪಾಯ ನಮ್ಮಲ್ಲಿಲ್ಲ.

"ಬೇರೆ ಕಡೆ ಮಾಡಿಸ್ಕೊಳ್ಳಿ ಅಪ್ಪ. ನಂದು ಇಲ್ಲಿಗೆ ಮುಗೀತು" ಎಂದು ಅತ್ತೆ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದರು.

ನನಗೆ ಎಲ್ಲಿತ್ತೋ ಸಿಟ್ಟು. "ಯಾವ ಕಡೆಗೂ ಹೋಗಲ್ಲ! ಎರಡು ತಿಂಗಳು ಬಿಟ್ಟು ಬನ್ನಿ, ಸೆಟ್ಟು ಇಲ್ಲೇ ಇರುತ್ತೆ" ಎಂದೆ. ಏಳು ಜನ ನನ್ನ ಬಾಯಿಗೆ ಹೆದರಿಯೇ ಹೊರಟುಹೋದರು.

ಅವರು ಹೋದ ಮೇಲೆ ಅತ್ತೆ ಸುತ್ತಿಗೆ ತಂದು ನನ್ನ ಮುಂದಿಟ್ಟರು. ಶ್ರುತಿ ತಪ್ಪಿದ್ದನ್ನು ಒಡೆದುಬಿಡುವುದು ಈ ಅಂಗಡಿಯ ಕಟ್ಟುನಿಟ್ಟು. "ನೀನೇ ಒಡಿ. ನನ್ನ ಕೈಲಾಗಲ್ಲ" ಎಂದು ಒಳಗೆ ಹೋದರು. ಅಜ್ಜನಿಂದ ಹಿಡಿದು ಐದನ್ನು ಒಡೆದೆ. ಪಾಪುವನ್ನೂ ಒಡೆದೆ. 'ಅಕ್ಕ' ಮಾತ್ರ ಕೈಯಲ್ಲೇ ಉಳಿಯಿತು. ಅಷ್ಟು ನುಣುಪಾದ ಬೆನ್ನು, ಅಷ್ಟು ಅಚ್ಚುಕಟ್ಟಾದ ಊದುಬಾಯಿ. ಸುತ್ತಿಗೆ ಎತ್ತಿದೆ, ಇಳಿಸಿದೆ. ಕೊನೆಗೆ ಹಳೇ ಮಫ್ಲರಿನಲ್ಲಿ ಸುತ್ತಿ ಗಲ್ಲಾದ ಕೆಳಗಿನ ಡ್ರಾಯರಿಗೆ ತಳ್ಳಿದೆ.

ಮಾರನೆಯ ಬೆಳಿಗ್ಗೆ ಏಪ್ರನ್ ತೆಗೆದುಕೊಂಡು ಹೋಗಿ ಅವರ ಮಡಿಲಿಗೇ ಹಾಕಿದೆ. "ನೀವು ಕೊರೀರಿ, ನಾನು ಊದ್ತೀನಿ."

"ನೀನಾ?"

"ಉಸಿರು ತಗೊಳ್ದೆ ಮಾತಾಡ್ತೀನಿ ಅಂತ ನೀವೇ ತಾನೇ ಹೇಳೋದು?"

ಅತ್ತೆ ಏಪ್ರನ್ ಕಟ್ಟಿಕೊಂಡರು.

ಉಸಿರು ಉದ್ದವಿದ್ದರೆ ಸಾಲದು ಎಂದು ಮೊದಲ ದಿನವೇ ಗೊತ್ತಾಯಿತು. ನನ್ನದು ಮುಳ್ಳನ್ನು ಗಡಿಯಾರದ ಲೋಲಕ ಮಾಡಿಬಿಡುತ್ತಿತ್ತು. ಕೆಳಗಿನ ಸ್ವರಕ್ಕೆ ಮೆತ್ತಗೆ, ಮೇಲಿನದಕ್ಕೆ ಸ್ವಲ್ಪ ಒತ್ತಿ, ಆದರೆ ಇವತ್ತಿನದು ನಾಳೆಗೂ ಅಷ್ಟೇ ಇರಬೇಕು. "ಮಾತಾಡಿ ಬಂದ ಉಸಿರು ನಂಗೆ ಬೇಡ. ಅರ್ಧ ಗಂಟೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ, ಆಮೇಲೆ ಬಾ" ಎಂದರು ಅತ್ತೆ. ಆ ಎರಡು ತಿಂಗಳು ಮನೆಯಲ್ಲಿ ಎಂಥ ಮೌನವಿತ್ತೆಂದರೆ, ನನ್ನ ಗಂಡ ಎರಡು ಸಲ ಹಣೆ ಮುಟ್ಟಿ ಜ್ವರ ನೋಡಿದರು. ಮುಳ್ಳು ನಿಲ್ಲಲು ಹದಿನೆಂಟು ದಿನ ಬೇಕಾಯಿತು. ಆಮೇಲೆ ಹಸಿ ಮಣ್ಣಿನ ಏಳನ್ನು ನಾನು ಊದುತ್ತಾ ಹೋದೆ, ಅತ್ತೆ ಕಿವಿ ಕೊಟ್ಟು, ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೊರೆಯುತ್ತಾ ಹೋದರು. ಮಣ್ಣು ಸುಡುವ ಆವಿಗೆಯಿಂದ ಹೊರಬಂದಾಗ ಏಳಕ್ಕೆ ಏಳೂ ಸರಿ.

ಡಿಪೋದವರು ಬಂದು ಊದಿದರು. ಕಿಟಕಿಯ ಗಾಜು ಗುಂಯ್ಗುಟ್ಟಿತು. ಹಾರ್ನ್ ಕಣ್ಣೊರೆಸಿಕೊಂಡು ಕೇಳಿದ, "ಉಸಿರು ಯಾರ್ದಮ್ಮ?"

"ನನ್ನ ಸೊಸೇದು" ಎಂದರು ಅತ್ತೆ, ಬೀದಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ. ಆ ಎರಡು ಪದಕ್ಕೆ ನಾನು ಇಂದಿಗೂ ತಲೆ ಎತ್ತಿಕೊಂಡು ಓಡಾಡುತ್ತಿದ್ದೇನೆ.

ಸೆಟ್ಟು ಕೊಡುವ ದಿನ ಮಾಡಿದವರೂ ಜೊತೆಗೆ ಒಂದು ಸುತ್ತು ನುಡಿಸುವುದು ನಮ್ಮ ಅಂಗಡಿಯ ವಾಡಿಕೆ. ಹಾರ್ನ್ ಅದನ್ನು ನೆನಪಿಸಿದ. ಅತ್ತೆ ಕೈ ಹಿಂದಕ್ಕೆ ಕಟ್ಟಿಕೊಂಡರು. "ಬೇಡಪ್ಪ. ನಂದು ಕೆಳಗೆ ಬೀಳುತ್ತೆ. ಇಷ್ಟು ಚೆನ್ನಾಗಿರೋದನ್ನ ನಾನ್ಯಾಕೆ ಕೆಡಿಸ್ಲಿ?"

ಆಗ ಹೊಳೆಯಿತು ನನಗೆ. ಡ್ರಾಯರು ಎಳೆದು, ಮಫ್ಲರು ಬಿಚ್ಚಿ, ಹಳೆಯ 'ಅಕ್ಕ'ನನ್ನು ಅವರ ಕೈಗಿಟ್ಟೆ.

ಅತ್ತೆಯ ಕಣ್ಣು ಕೆಂಪಾಯಿತು. "ಒಡೀಲಿಲ್ವಾ ನೀನು?"

"ಇಲ್ಲ."

ಬಯ್ಯಲು ಬಾಯಿ ತೆರೆದವರು ಅದನ್ನು ತಿರುಗಿಸಿ ತೂತುಗಳ ಮೇಲೆ ಬೆರಳಾಡಿಸಿದರು. ತಮ್ಮ ಅರ್ಧ ಉಸಿರಿಗೇ ಕೊರೆದ ವಾದ್ಯವದು ಎಂಬುದು ಅವರಿಗೂ ಹೊಳೆದಿತ್ತು. ಹಾರ್ನ್ ತಂಡಕ್ಕೆ ಸನ್ನೆ ಮಾಡಿದ. ಏಳು ಜನ ಊದಿದರು, ಈ ಸಲ ಬಾಗಿಲ ಕಡೆಗೆ ದೂರ ಸರಿದು ನಿಂತು. ಹೊಸ 'ಅಕ್ಕ' ಹಿಡಿದ ಸ್ವರವನ್ನೇ ಅತ್ತೆ ತಮ್ಮ 'ಅಕ್ಕ'ನಲ್ಲಿ ಹಿಡಿದರು. ನಾನು ಟ್ಯೂನರನ್ನು ಅವರ ಮುಂದೆಯೇ ಹಿಡಿದಿದ್ದೆ. ಮುಳ್ಳು ನಟ್ಟನಡುವೆ ನಿಂತಿತು, ಹಾಡು ಮುಗಿಯುವವರೆಗೂ ಅಲ್ಲೇ ಇತ್ತು. ಸದ್ದು ಸಣ್ಣದು, ಹೌದು. ಆದರೆ ಎಂಟರಲ್ಲಿ ಅದು ಯಾವುದೆಂದು ಹುಡುಕಿ ತೆಗೆಯಲು ಆಗುತ್ತಿರಲಿಲ್ಲ.

ಮುಗಿದಾಗ ನಾನು ಟ್ಯೂನರನ್ನು ಗಲ್ಲಾದ ಮೇಲಿಟ್ಟು ಮಫ್ಲರು ಮಡಚಿದೆ.

"ಇನ್ನೊಂದ್ಸಲ ಒಡಿ ಅಂದಿದ್ದನ್ನ ಒಡೀದೆ ಇಟ್ಟೆ ಅಂದ್ರೆ ನೋಡು" ಎಂದು ಅತ್ತೆ ಗದರಿದರು. ಗದರುತ್ತಲೇ ಅದನ್ನು ಒರೆಸಿ, ತಮ್ಮ ಏಪ್ರನ್ನಿನ ಜೇಬಿಗೆ ಇಳಿಸಿಕೊಂಡರು.