ಬಂಡಾರ ಹತ್ತದ ಮೈ

ನನಗೆ ಬೆವರು ಬರುವುದಿಲ್ಲ. ಇದನ್ನು ಕೇಳಿದವರು "ಪುಣ್ಯವಂತ ಬಿಡಪ್ಪಾ" ಅನ್ನುತ್ತಾರೆ. ಗದ್ವಾಲದ ಮೇ ತಿಂಗಳ ಮಧ್ಯಾಹ್ನ ಒಂದು ಗಳಿಗೆ ನನ್ನ ಮೈಯೊಳಗೆ ಕೂತು ನೋಡಲಿ, ಆಮೇಲೆ ಪುಣ್ಯದ ಮಾತಾಡಲಿ.

ಎಲ್ಲರ ಚರ್ಮದಲ್ಲೂ ಲಕ್ಷಗಟ್ಟಲೆ ಬೆವರಿನ ಗ್ರಂಥಿಗಳಿರುತ್ತವಂತೆ, ಅಂಗೈ ಅಂಗಾಲಿನಲ್ಲಿ ಒತ್ತೊತ್ತಾಗಿ. ಮೈ ಕಾದರೆ ಅವು ನೀರು ಬಿಡುತ್ತವೆ, ಆ ನೀರು ಆರುತ್ತಾ ಮೈಯ ಕಾವನ್ನೂ ಒಯ್ಯುತ್ತದೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವು ಮೂಡಬೇಕು. ನನ್ನಲ್ಲಿ ಮೂಡಲಿಲ್ಲ. ತಲೆಗೂದಲೂ ತೆಳ್ಳಗೆ, ಬಾಯಲ್ಲಿ ಬಂದದ್ದು ಆರೇ ಹಲ್ಲು, ಅವೂ ಮೊನಚು. ಇದನ್ನೆಲ್ಲ ರಾಯಚೂರಿನ ಚರ್ಮದ ಡಾಕ್ಟರು ಬಿಡಿಸಿ ಹೇಳುವ ಹೊತ್ತಿಗೆ ನನಗೆ ಮೀಸೆ ಬರುವ ವಯಸ್ಸು ದಾಟಿತ್ತು. "ತಾಯಿ ಕಡೆಯಿಂದ ಬಂದಿದೆ. ಹೆಣ್ಣುಮಕ್ಕಳಲ್ಲಿ ಪಟ್ಟೆ ಪಟ್ಟೆಯಾಗಿ ಅಲ್ಲಲ್ಲಿ ಬೆವರು ಇರುವುದಿಲ್ಲ, ಗಂಡಿಗೆ ಬಂದರೆ ಪೂರ್ತಿ" ಅಂದರು. ಅವ್ವ ಆಗಲೇ ತೀರಿಕೊಂಡಿದ್ದಳು. ಡಾಕ್ಟರನ್ನೇ ಕಾಣದ ಅವಳು ಒದ್ದೆ ಸೀರೆ ಸುತ್ತಿ ಸುತ್ತಿ ನನ್ನನ್ನು ಉಳಿಸಿದ್ದಳು.

ನಮ್ಮದು ಕುರುಬರ ಮನೆ, ಬೀರಪ್ಪನ ಒಕ್ಕಲು. ಪೂಜೆಯ ದಿನ ದೇವರ ಅರಿಶಿನಪುಡಿಯನ್ನು, ಅಂದರೆ ಬಂಡಾರವನ್ನು, ಎಲ್ಲರ ಮೇಲೆ ತೂರುತ್ತಾರೆ. ಡೊಳ್ಳಿನ ಮುಂದೆ ಕುಣಿದು ಬೆವೆತ ಮೈಗೆ ಅದು ಗಟ್ಟಿಯಾಗಿ ಹತ್ತಿಕೊಳ್ಳುತ್ತದೆ. ನನ್ನ ಮೇಲೆ ತೂರಿದ್ದು ಜಾರಿ ಕಾಲ ಬಳಿ ಬೀಳುತ್ತಿತ್ತು. "ಬೀರಪ್ಪ ಇವನ್ನ ಒಲ್ಲೆ ಅಂತಾನ" ಎಂದರು ಹಿರಿಯರು. ಅಲ್ಲಿಂದ ಮುಂದೆ ಯಾರೂ ನನ್ನ ಕಡೆ ಬಂಡಾರ ತೂರಲಿಲ್ಲ, ಹೆಣ್ಣು ಕೊಡುವವರೂ ಬರಲಿಲ್ಲ. ಈಗ ಗದ್ವಾಲದ ಐಸ್ ಫ್ಯಾಕ್ಟರಿಯಲ್ಲಿದ್ದೇನೆ, ಹಿಂದಿನ ಕೋಣೆಯಲ್ಲೇ ವಾಸ. ಜೂರಾಲ ಅಣೆಕಟ್ಟಿನ ಮೀನಿಗೆ ಹಾಕುವ ಐಸು ಒಡೆಯುತ್ತೇನೆ. ಮೀನುಗಳು ನನ್ನ ಹಲ್ಲು ನೋಡಿ ನಗುವುದಿಲ್ಲ. ಮಾತೂ ಆಡುವುದಿಲ್ಲ, ಅದೊಂದು ಕೊರತೆ.

ಹೋದ ಬೇಸಿಗೆಯಲ್ಲಿ ತಂಗಿ ರಜಿತಾ ಫೋನು ಮಾಡಿದಳು. ಮಕ್ತಲ್ ಹತ್ತಿರದ ಅವಳ ಗಂಡನ ಮನೆಯಲ್ಲಿ ಬೀರಪ್ಪನ ಪೂಜೆ. ಅವಳಿಗೆ ಹುಟ್ಟಿದ ಗಂಡುಕೂಸಿಗೆ ಮೊದಲ ಬಂಡಾರ, ಸೋದರಮಾವ ಬರಲೇಬೇಕು. ಹೆಗಲಿಗೆ ಒದ್ದೆ ಟವೆಲ್ಲು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಬಸ್ಸು ಹತ್ತಿದೆ.

ಅಂಗಳದಲ್ಲಿ ಡೊಳ್ಳು ಬಡಿಯುತ್ತಿತ್ತು. ರಜಿತಾ ಬಿಸಿಲಲ್ಲಿ ಪೂಜೆಯ ಬುಟ್ಟಿ ಹೊತ್ತು ನಿಂತಿದ್ದಳು. ಅವಳತ್ತೆ ನರಸಿಂಹಮ್ಮ ಹಿಡಿ ತುಂಬ ಬಂಡಾರ ತೂರಿದಳು. ರಜಿತಾಳ ಮೊಳಕೈಯಿಂದ ಮಣಿಕಟ್ಟಿನ ತನಕ ಒಂದು ಗೆರೆ ಹಳದಿ, ಪಕ್ಕದ ಗೆರೆ ಬರಿ ಚರ್ಮ, ಮತ್ತೆ ಹಳದಿ. ಡಾಕ್ಟರು ಹೇಳಿದ ಪಟ್ಟೆಗಳು ನೆನಪಾದವು.

"ಕೂಸು ಎಲ್ಲೈತಿ?" ಎಂದೆ.

"ಒಳಗ ಮಲಗೇತಿ ಅಣ್ಣ. ಬಿಸಿಲು ಸುರು ಆದಾಗಿಂದ ಜ್ವರ ಬರತಾವ, ಹೋಗತಾವ."

ಒಳಗೆ ಓಡಿದೆ. ಫ್ಯಾನು ಆರಿಸಿದ್ದರು. ತೊಟ್ಟಿಲಲ್ಲಿ ಕೂಸಿಗೆ ಕರಿಯ ಕಂಬಳಿ ಸುತ್ತಿದ್ದರು. ಮುಟ್ಟಿದರೆ ಕಾದ ಹಂಚು. ಹಣೆಯ ಮೇಲೆ, ಕತ್ತಿನ ಮಡಿಕೆಯಲ್ಲಿ, ಎಲ್ಲೂ ಒಂದು ಹನಿ ಪಸೆ ಇಲ್ಲ. ಅದು ನನ್ನದೇ ಚರ್ಮ. ಹೇಳಬಾರದು, ಆದರೂ ಹೇಳುತ್ತೇನೆ: ಭಯಕ್ಕಿಂತ ಮೊದಲು ನನಗೆ ಸಂತೋಷವಾಯಿತು. ಈ ಭೂಮಿಯ ಮೇಲೆ ನನ್ನಂಥವನು ಇನ್ನೊಬ್ಬನಿದ್ದ. ಮರುಕ್ಷಣವೇ ಕಂಬಳಿಗೆ ಕೈ ಹಾಕಿದೆ.

"ಕಂಬಳಿ ತೆಗೀರಿ, ನೀರು ತರ್ರಿ!" ಎಂದು ಕೂಗಿದೆ.

ಹಿಂದೆಯೇ ಬಂದ ನರಸಿಂಹಮ್ಮ ತೊಟ್ಟಿಲಿಗೆ ಅಡ್ಡ ನಿಂತಳು. "ಜ್ವರದ ಕೂಸಿಗೆ ತಣ್ಣೀರು ಹಾಕತಾರೇನು? ನೀ ಮುಟ್ಟಬ್ಯಾಡಪ್ಪಾ. ಬೀರಪ್ಪ ಒಲ್ಲದ ಕೈ ಅದು."

"ಇದು ಜ್ವರ ಅಲ್ಲರೀ ಅತ್ತಿ. ಈ ಕೂಸಿಗೆ ಬೆವರಾಕ ಬರಂಗಿಲ್ಲ. ಕಂಬಳಿಯೊಳಗ ಬೇಯಾಕತ್ತೇತಿ!"

ಅವಳು ಜಗ್ಗಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಸಿಟ್ಟಿನಿಂದ ಆ ಕಂಬಳಿ ಬಿಚ್ಚಿಕೊಳ್ಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆ ತಿರುಗಿದೆ.

"ರಜಿತಾ, ನಿನ್ನ ಕೈ ನೋಡ್ಕೋ. ಹಳದಿ ಹತ್ತದ ಕಡೆ ಬೆವರಿಲ್ಲ, ಕೂಸಿಗೆ ಮೈಯೆಲ್ಲಾ ಹಂಗ."

ಅವಳು ನೋಡಿಕೊಂಡಳು. ಅಲ್ಲೇ ಅಳು ಬಂತು. "ಸಣ್ಣಾಕಿ ಇದ್ದಾಗಿಂದ ಹಿಂಗ ಐತಿ ಅಣ್ಣ. ನನಗೂ ನಿನ್ನಂಗ ಅಂದುಬಿಟ್ಟಾರು ಅಂತ ಯಾರಿಗೂ ಹೇಳಲಿಲ್ಲ."

ಆ ಮಾತು ನನಗೆ ನೋಯಿತು. ನುಂಗಿಕೊಂಡೆ. ಅವಳು ಅತ್ತೆಯನ್ನು ಸರಿಸಿ ಕಂಬಳಿ ಬಿಚ್ಚಿ ಒಗೆದಳು. ತನ್ನ ಸೆರಗನ್ನೇ ಮೂಲೆಯ ನೀರಿನ ಕೊಡದಲ್ಲಿ ಅದ್ದಿ ಕೂಸಿಗೆ ಸುತ್ತಿದಳು, ಥೇಟ್ ಅವ್ವನ ಹಾಗೆ. ನಾನು ಫ್ಯಾನು ಹಾಕಿದೆ. ಡೊಳ್ಳು ನಿಲ್ಲುವ ಹೊತ್ತಿಗೆ ಮೈ ತಣ್ಣಗಾಗಿ, ಕೂಸು ಕಣ್ಣು ಬಿಟ್ಟು ಮೊಲೆಗೆ ತಡಕಾಡಿತು.

"ರಾಯಚೂರಿಗೆ ಡಾಕ್ಟರ ಹತ್ರ ಒಯ್ಯಿ" ಎಂದೆ. "ಮೈ ತಣ್ಣಗ ಇಟ್ಟರ ಏನೂ ಆಗಂಗಿಲ್ಲ. ನಾ ಬದುಕಿಲ್ಲೇನು?"

ಬದುಕಿದ್ದು ಹೇಗೆ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನರಸಿಂಹಮ್ಮ ಬಂಡಾರದ ತಟ್ಟೆ ತಂದಳು. ಮಕ್ತಲ್ ಸೆಕೆಗೆ ಕೂಸಿನ ಮೈ ಆಗಲೇ ಆರಿತ್ತು. ಹಣೆಗೆ ಹಾಕಿದ ಪುಡಿ ಕೆನ್ನೆಯಿಂದ ಜಾರಿ ಕೆಳಗೆ ಬಿತ್ತು. ಅವಳ ಮುಖ ಕಪ್ಪಿಟ್ಟಿತು. ಬರಲಿರುವ ಮಾತು ಯಾವುದೆಂದು ನನಗೆ ಬಾಯಿಪಾಠವಿತ್ತು. ಅದು ಈ ಕೂಸಿನ ಮೇಲೂ ಬಿದ್ದರೆ ಮುಗಿಯಿತು.

ರಜಿತಾ ಅವಸರದಿಂದ ಕೊಡದಲ್ಲಿ ಬೆರಳು ಅದ್ದಿದಳು. ಬಂಡಾರ ಕಲಸಿ ಕೂಸಿನ ಹಣೆಗೆ ಹಚ್ಚಿದಳು.

"ಹತ್ತಿತು ನೋಡ್ರಿ ಅತ್ತಿ" ಎಂದಳು.

ನರಸಿಂಹಮ್ಮ ಆ ಹಣೆಯನ್ನೇ ನೋಡಿದಳು. ಆಮೇಲೆ "ಬೀರಪ್ಪಾ, ನನ್ನಪ್ಪಾ" ಎಂದು ಕೈ ಮುಗಿದಳು.

ಬೇಕಿದ್ದದ್ದು ಒಂದು ಹನಿ ನೀರು. ನನ್ನ ವಿಷಯದಲ್ಲಿ ಅದು ಯಾರಿಗೂ ಹೊಳೆಯಲಿಲ್ಲ, ಅವ್ವನಿಗೂ, ನನಗೂ.

ಹೊರಡುವಾಗ ನರಸಿಂಹಮ್ಮ ಎಲ್ಲರಿಗೂ ಕೊಟ್ಟಂತೆ ನನಗೂ ಬಂಡಾರದ ಪೊಟ್ಟಣ ಕೊಟ್ಟಳು, ಮುಖ ನೋಡಲಿಲ್ಲ. ರಜಿತಾ ಕೂಸನ್ನು ಎತ್ತಿಕೊಂಡು ಬಾಗಿಲ ತನಕ ಬಂದಳು. ಅವನ ಹಣೆಯ ಮೇಲೆ ಹಳದಿ ಇನ್ನೂ ಇತ್ತು.

ಸಂಜೆ ಗದ್ವಾಲದ ಕೋಣೆ ಸೇರಿ ಪೊಟ್ಟಣ ಬಿಚ್ಚಿದೆ. ಐಸಿನ ನೀರಲ್ಲಿ ಬೆರಳು ಅದ್ದಿ, ಬಂಡಾರ ಕಲಸಿ, ಗೋಡೆಯ ಕನ್ನಡಿ ನೋಡಿಕೊಂಡು ಹಣೆಗೆ ಹಚ್ಚಿಕೊಂಡೆ.

ಹತ್ತಿತು. ನೋಡಲು ಯಾರೂ ಇರಲಿಲ್ಲ.