ಎತ್ತಿದ ಕೈ

ಕಬ್ಬಿಣದ ಪೈಪು ಗಾಳಿಯಲ್ಲೇ ನಿಂತಿತ್ತು. ಅದನ್ನು ಹಿಡಿದ ಕೈ, ಕೆಳಗೆ ಮಂಡಿಯೂರಿದ್ದ ಗಂಡನ ತಲೆ, ಅವನ ಕೊರಳಿಗೆ ಸುತ್ತಿದ್ದ ಕರಿ ಕೇಬಲ್ಲು, ಎಲ್ಲವೂ ನಿಂತಿದ್ದವು. ನಡುವೆ ಒಂದು ಬಿಳಿ ಚಕ್ರ ಮಾತ್ರ ತಿರುಗುತ್ತಿತ್ತು.

"ಅಕ್ಕಾ, ಇವ್ರು ನಿಮ್ಮನೆಯವರೇ ಅಲ್ವಾ?" ಪಕ್ಕದ ಮೇಜಿನ ಹುಡುಗಿ ತನ್ನ ಫೋನನ್ನು ಅವಳ ಮುಂದೆ ಹಿಡಿದಿದ್ದಳು. "ಯಾರೋ ಲೈವ್ ಬಿಟ್ಟಿದಾರೆ. ಮ್ಯಾಚ್ ಬರ್ತಿಲ್ಲ ಅಂತ ಹಿಡ್ಕೊಂಡು ಚಚ್ತಿದಾರೆ."

ಅಂಗಿಯ ಬೆನ್ನ ಮೇಲೆ ಕಂಪನಿಯ ಹೆಸರಿತ್ತು. ಬೆಳಿಗ್ಗೆ ಇಸ್ತ್ರಿ ಮಾಡಿದ್ದು ಅವಳೇ.

ಮನೆಗೂ ಫೋನಿಗೂ ಇಂಟರ್ನೆಟ್ ಕೊಡುವ ಕಂಪನಿ. ಗಂಡ ಬೀದಿಯಲ್ಲಿ ಕೇಬಲ್ ಎಳೆಯುವವನು. ಅವಳು ಕಚೇರಿಯಲ್ಲಿ ಕೂತು ಅದರೊಳಗಿನ ಡೇಟಾದ ಓಡಾಟ ನೋಡಿಕೊಳ್ಳುವವಳು. ಮಧ್ಯಾಹ್ನದಿಂದ ಕಂಪನಿಯದೇ ಆ್ಯಪ್‌ನಲ್ಲಿ ಹೊಸ ಸಿನಿಮಾ ಓಡುತ್ತಿತ್ತು. ಅದು ಎಲ್ಲೂ ತಡವರಿಸಬಾರದೆಂದು ಬೇರೆ ಆ್ಯಪ್‌ಗಳ ವಿಡಿಯೊಗಳನ್ನೆಲ್ಲ ನಿಧಾನ ಮಾಡಲು ಮ್ಯಾನೇಜರ್ ಹೇಳಿದ್ದರು. ಊಟದ ಡಬ್ಬಿ ತೆರೆಯುವ ಮೊದಲು ಅವಳು ಮಾಡಿ ಮುಗಿಸಿದ್ದಳು.

"ನೀನಲ್ಲಿ ಕೂತು ನಲ್ಲಿ ತಿರುಗಿಸ್ತೀಯ. ಇಲ್ಲಿ ಬೈಸ್ಕೊಳ್ಳೋನು ನಾನು," ಎಂದು ಗಂಡ ಫೋನಿನಲ್ಲಿ ನಕ್ಕಿದ್ದ.

ಅವಳು ತನ್ನ ಫೋನಿನಿಂದ ಕರೆ ಮಾಡಿದಳು; ಪೊಲೀಸರು ಎತ್ತಿದರು. "ಯಾವ ರಸ್ತೆ, ಹೇಳಿ ತಾಯಿ."

"ಗೊತ್ತಿಲ್ಲ. ದೂರು ಬಂದ ಕಡೆಯೆಲ್ಲ ಓಡಾಡ್ತಿರ್ತಾರೆ."

ನಿಂತ ಚಿತ್ರದಲ್ಲಿ ಅವನ ಸುತ್ತ ಬರೀ ಕಾಲುಗಳಿದ್ದವು. ಅದು ಮುಂದೆ ಹೋದರೆ ಒಂದು ಅಂಗಡಿ, ಒಂದು ಬೋರ್ಡು ಕಂಡೀತು. ಮುಂದೆ ಹೋದರೆ ಪೈಪೂ ಬೀಳುತ್ತದೆ.

ಅವಳು ತನ್ನ ಕಂಪ್ಯೂಟರಿನತ್ತ ತಿರುಗಿದಳು.

"ಏ, ಏನಮ್ಮಾ ಮಾಡ್ತಿದೀಯ? ಅದಕ್ಕೆ ಕೈ ಹಾಕ್ಬೇಡ," ಮ್ಯಾನೇಜರ್ ಗಾಜಿನ ಕೋಣೆಯಿಂದ ಓಡಿ ಬಂದರು. "ಸಿನಿಮಾ ಅರ್ಧ ಆಗಿದೆ. ನಿಂತ್ರೆ ನನ್ನ ತಲೆ ಹೋಗುತ್ತೆ."

"ಹೋಗ್ಲಿ ಸಾರ್."

ಅವಳು ತಡೆ ತೆಗೆದಳು.

ಪೈಪು ಬಿತ್ತು. ಒದ್ದೆ ಬಟ್ಟೆ ಕಲ್ಲಿಗೆ ಅಪ್ಪಳಿಸಿದಂಥ ಸದ್ದು. ಗಂಡ ಪಕ್ಕಕ್ಕೆ ವಾಲಿದ. ಒಬ್ಬ ಕೇಬಲ್ಲಿನ ತುದಿ ಜಗ್ಗಿ ಅವನನ್ನು ಮತ್ತೆ ಕೂರಿಸಿದ; ಪೈಪು ಮತ್ತೆ ಬಿತ್ತು. ಬಾಯಿಂದ ರಕ್ತ ಅಂಗಿಯ ಮೇಲೆ ಇಳಿಯಿತು. ಅಂಗಾತ ಬಿದ್ದವನ ಪಕ್ಕೆಗೆ ಯಾರೋ ಬೂಟುಗಾಲಲ್ಲಿ ಒದ್ದರು. ಚಿತ್ರ ಎಲ್ಲೂ ತಡವರಿಸಲಿಲ್ಲ. ಲೈವ್ ಬಿಟ್ಟವನು ಹಿಂದೆ ಸರಿದಾಗ ಔಷಧಿ ಅಂಗಡಿಯೊಂದರ ಬೋರ್ಡು ಕಂಡಿತು. ಅಂಗಡಿಯ ಹೆಸರು, ಕೆಳಗಿನ ರಸ್ತೆಯ ಹೆಸರು, ಎಲ್ಲವನ್ನೂ ಅವಳು ಅಕ್ಷರ ಬಿಡದೆ ಪೊಲೀಸರಿಗೆ ಓದಿ ಹೇಳಿದಳು.

"ಏ, ಬಂತು ಕಣ್ರೋ!" ಗುಂಪಿನಲ್ಲಿ ಒಬ್ಬ ಕೂಗಿದ. "ಮ್ಯಾಚ್ ಬಂತು!"

"ನೋಡಿದ್ಯಾ? ನಾಲ್ಕು ಬಿಟ್ಟ ಮೇಲೆ ಹೆಂಗೆ ಬಂತು!"

ನಗು ಎದ್ದಿತು. ಹೊಡೆಯುತ್ತಿದ್ದವನು ಪೈಪನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತನ್ನ ಫೋನು ತೆಗೆದ. ಎಲ್ಲರೂ ತಲೆ ತಗ್ಗಿಸಿ ನಿಂತರು.

ಅವಳು ಗಂಡನ ನಂಬರು ಒತ್ತಿದಳು. ಕಿವಿಯಲ್ಲಿ ರಿಂಗಾಗತೊಡಗಿತು. ಅವನು ಅಲ್ಲಾಡಲಿಲ್ಲ. ಚಿತ್ರ ಮತ್ತೆ ನಿಂತಿತೇನೋ ಎಂದು ಅವಳು ಬಿಳಿ ಚಕ್ರಕ್ಕಾಗಿ ಕಾದಳು.

ಅವನ ಎದೆಯ ಜೇಬಿನ ಬಟ್ಟೆಯೊಳಗಿಂದ ಬೆಳಕು ಹತ್ತಿತು, ಆರಿತು, ಮತ್ತೆ ಹತ್ತಿತು.